ಎರಡನೇ ಚಹಾದ ಬಣ್ಣ

ಆ ಸೋಮವಾರ ಟ್ಯಾಂಕಿನ ನೀರು ಕನ್ನಡಿಯಂತೆ ಹೊಳೆಯುತ್ತಿತ್ತು. ಕಾತರಿನಾ ಒಳಗೊಳಗೇ ಹಿಗ್ಗುತ್ತ ನೆಲ ಒರೆಸುತ್ತಿದ್ದಳು.

ಮೌಳಂಗಿಯ ಆ ಹೋಮ್‌ಸ್ಟೇಯಲ್ಲಿ ಕಸ, ನೆಲ, ಹಾಸಿಗೆ ಅವಳ ಕೆಲಸ. ಒಳಗೆ ಬಂದವರಿಗೆ ಮೊದಲು ಕಾಣುವ ನಾಲ್ಕಡಿಯ ಮೀನಿನ ಟ್ಯಾಂಕು ಮಾತ್ರ ಅಂಕುಶನದು. ಹಳಿಯಾಳದಲ್ಲಿ ಮೀನಿನ ಅಂಗಡಿ ಇಟ್ಟಿದ್ದ ಅವನು ಪ್ರತಿ ಸೋಮವಾರ ಬೈಕಿನಲ್ಲಿ ಬಂದು ಅದನ್ನು ನೋಡಿಕೊಂಡು ಹೋಗುತ್ತಿದ್ದ. ನಾಲ್ಕು ತಿಂಗಳಿಂದ ಅವಳು ಅವನನ್ನು ಗಾಜಿನ ಆಚೆಯಿಂದ ನೋಡಿದ್ದಳು, ಮೀನುಗಳ ನಡುವೆ. ಒಂದು ಮಾತೂ ಆಡಿರಲಿಲ್ಲ.

ಬಾಗಿಲಲ್ಲಿ ಹೆಲ್ಮೆಟ್ ತೆಗೆದ ಅಂಕುಶ ಆ ಹೊಳಪು ಕಂಡು ನಗಲಿಲ್ಲ. ಏಂಜೆಲ್ ಮೀನುಗಳೆಲ್ಲ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ಒಂದು ಆಗಲೇ ಅಡ್ಡ ಬಿದ್ದಿತ್ತು.

"ಯಾರು ತೊಳದಾರ ಇದನ್ನ?"

ಕಾತರಿನಾಳ ಕೈಯಲ್ಲಿದ್ದ ಒರೆಸುವ ಕೋಲು ನಿಂತಿತು.

ಅಂಕುಶ ಟ್ಯಾಂಕಿನೊಳಗೆ ಇಟ್ಟಿದ್ದ ಮರದ ಬೇರಿನಿಂದ ನೀರು ಕಂದು ಬಣ್ಣವಾಗಿ, ಹಿಂದಿನ ವಾರ ಬಂದ ಅತಿಥಿಗಳು ಹೊಲಸು ಎಂದು ಮೂಗು ಮುರಿದಿದ್ದರು. ಹೀಗೇ ಇದ್ದರೆ ಟ್ಯಾಂಕನ್ನೇ ವಾಪಸು ಕೊಡುತ್ತೇನೆ ಎಂದಿದ್ದರು ಮಾಲಕಿ ಸುನಂದಾಬಾಯಿ. ಟ್ಯಾಂಕು ಹೋದರೆ ಸೋಮವಾರವೂ ಹೋಗುತ್ತದೆ. ಅದಕ್ಕೇ ಭಾನುವಾರ ಚರ್ಚಿನಿಂದ ಬಂದವಳೇ ಬೇರು ತೆಗೆದು, ನೀರೆಲ್ಲ ಚೆಲ್ಲಿ, ಫಿಲ್ಟರಿನ ಸ್ಪಂಜನ್ನು ಬೆಳ್ಳಗಾಗುವ ತನಕ ಹಿಂಡಿ, ನಳದ ನೀರು ತುಂಬಿಸಿದ್ದಳು.

ಅಷ್ಟರಲ್ಲಿ ಸುನಂದಾಬಾಯಿ ಬಂದರು. ಅಂಕುಶ ಒಮ್ಮೆ ಆ ನಿಂತ ಕೋಲನ್ನು ನೋಡಿ, ತಪ್ಪು ತನ್ನದೇ ಎಂದುಬಿಟ್ಟ. ಎರಡು ವಾರ ಕೊಡುತ್ತೇನೆ, ಸರಿಯಾಗದಿದ್ದರೆ ಹೊತ್ತುಕೊಂಡು ಹೋಗು ಎಂದರು ಸುನಂದಾಬಾಯಿ.

ಅವನು ಬೈಕಿನ ಡಬ್ಬಿಯಿಂದ ಔಷಧಿ ತರಲು ಹೊರಗೆ ನಡೆದಾಗ ಕಾತರಿನಾ ಕೋಲು ಗೋಡೆಗಿಟ್ಟು ಹಿಂದೆಯೇ ಹೋದಳು.

"ನಾನ ತೊಳದೆ."

"ಗೊತ್ತೈತಿ."

"ಮತ್ತ ನಿಮ್ಮ ತಪ್ಪು ಅಂತ ಯಾಕ ಹೇಳಿದ್ರಿ?"

"ನಿನಗ ಹೇಳಿಕೊಟ್ಟಿರಲಿಲ್ಲಲ್ಲ. ಅದು ನನ್ನ ತಪ್ಪ."

ಅವನು ಅವಳನ್ನು ಒಳಗೆ ಕರೆದು ನೀರಿಗೆ ಔಷಧಿ ಹಾಕಿದ. ಆಮೇಲೆ ಎರಡು ಗಾಜಿನ ಲೋಟ ತರಿಸಿ, ಒಂದರಲ್ಲಿ ಟ್ಯಾಂಕಿನ ನೀರು, ಇನ್ನೊಂದರಲ್ಲಿ ಕುಡಿಯುವ ನೀರು ತುಂಬಿ ಬಿಳಿ ಹಾಳೆಯ ಮೇಲಿಟ್ಟ. ಮೇಲಿನಿಂದ ಬಗ್ಗಿ ನೋಡಬೇಕು, ಆಗ ಬಣ್ಣ ಸುಳ್ಳು ಹೇಳುವುದಿಲ್ಲ ಎಂದ. ಬಗ್ಗಿದಾಗ ಇಬ್ಬರ ತಲೆಗಳೂ ಹತ್ತಿರ ಬಂದವು. ಅವಳು ಲೋಟವನ್ನೇ ನೋಡಿದಳು.

"ನೀರು ತಿಳಿ ಐತಿ ಅಂದ್ರ ಚಲೋ ಐತಿ ಅಂತಲ್ಲ. ನಳದ ನೀರಾಗ ಬ್ಲೀಚಿಂಗ್ ಇರ್ತೈತಿ. ಸ್ಪಂಜಿನ ಕೊಳಿ ಅಂತ ನೀ ತೊಳದಿ ನೋಡು, ಅದು ನೀರಿನ ವಿಷ ತಿಂದು ಮೀನು ಉಳಸ್ತಿತ್ತು."

ಒಂದು ದಿನ ಬಕೆಟ್ಟಿನಲ್ಲಿಟ್ಟ ನೀರು, ದಿನಕ್ಕೆ ಕಾಲು ಭಾಗ ಮಾತ್ರ ಬದಲು, ಮೀನಿಗೆ ಕಾಳು ಸ್ವಲ್ಪವೇ, ಬೇರು ಮತ್ತೆ ಒಳಗೆ. ದಿನಾ ಬೆಳಿಗ್ಗೆ ಏಳಕ್ಕೆ ಫೋನಿನಲ್ಲಿ ತನಗೆ ಬಣ್ಣ ಹೇಳಬೇಕು ಎಂದ.

ಏಳನೇ ಇಯತ್ತೆಗೆ ಶಾಲೆ ಬಿಟ್ಟವಳಿಗೆ ಫೋನೆಂದರೆ ಬೆವರು. ಆದರೆ ಕೋಗಿಲಬನದ ಹೊಳೆದಂಡೆಯಲ್ಲಿ ಹುಟ್ಟಿದವಳಿಗೆ ನೀರಿನ ಬಣ್ಣಕ್ಕೆ ಮಾತಿನ ಕೊರತೆ ಇರಲಿಲ್ಲ. ಮೂರನೇ ದಿನ ಅಕ್ಕಿ ತೊಳೆದ ನೀರು ಎಂದಳು.

"ಮೊದಲ ಸಲ ತೊಳದದ್ದೋ, ಎರಡನೇ ಸಲದ್ದೋ?"

"ಎರಡನೇದ್ದು."

ಆ ಕಡೆ ನಗು ಕೇಳಿಸಿತು. ಅವಳೂ ನಕ್ಕಳು, ಕೈ ಬಾಯಿಗೆ ಅಡ್ಡ ಹಿಡಿದು. ಸ್ಪಂಜು ಮತ್ತೆ ಜೀವ ಹಿಡಿಯುವಾಗ ನೀರು ಹೀಗೇ ಮಬ್ಬಾಗುತ್ತದೆ, ಮೀನು ಮೇಲೆ ಬರದಿದ್ದರೆ ಹೆದರಬೇಡ, ಚೆಲ್ಲಬೇಡ ಎಂದ.

ಐದನೇ ದಿನ ಅದು ಮೊದಲ ಸಲ ತೊಳೆದ ಅಕ್ಕಿಯ ನೀರಾಯಿತು. ಸುನಂದಾಬಾಯಿ ತಾವೇ ಪೈಪು ಹಿಡಿದು ಬಂದರು. ಯಾರೆದುರೂ ತಲೆ ಎತ್ತದ ಹುಡುಗಿ ಟ್ಯಾಂಕಿಗೆ ಬೆನ್ನು ಕೊಟ್ಟು ನಿಂತಳು.

"ಬಾಯಾರ, ನೀರು ಬೆಳ್ಳಗಾಗೇತಿ, ಖರೇ. ಆದ್ರ ಮೀನು ನೋಡ್ರಿ. ಒಂದಾದ್ರೂ ಮ್ಯಾಲ ಬಂದೈತೇನು? ಈಗ ಚೆಲ್ಲಿದ್ರ ಎಲ್ಲಾ ಸಾಯ್ತಾವು. ಮೊದಲ ಚೆಲ್ಲಿ ಕೆಡಿಸಿದಾಕಿ ನಾನ. ಅಂಕುಶ ಅವ್ರಲ್ಲ."

ಸುನಂದಾಬಾಯಿ ಮೀನುಗಳನ್ನು ನೋಡಿದರು, ಅವಳನ್ನು ನೋಡಿದರು. ಪೈಪು ಕೆಳಗಿಟ್ಟರು.

"ಇಡೀ ಮೌಳಂಗಿ ಅಂಕುಶಣ್ಣ ಅಂತೈತಿ. ನಿನಗಷ್ಟ ಅಣ್ಣ ಅಲ್ಲೇನು?"

ಅವಳ ಕಿವಿ ಬಿಸಿಯಾಯಿತು. ಆದರೂ ಟ್ಯಾಂಕಿನ ಮುಂದಿನಿಂದ ಸರಿಯಲಿಲ್ಲ.

ಮಬ್ಬು ದಿನಕ್ಕಿಷ್ಟು ಕರಗಿತು. ಎರಡನೇ ಸೋಮವಾರ ಅಂಕುಶ ಬಂದು ಲೋಟವನ್ನು ಬಿಳಿ ಹಾಳೆಯ ಮೇಲಿಟ್ಟ. ಬಣ್ಣ ನೀನೇ ಹೇಳು ಎಂದ.

"ಎರಡನೇ ಚಹಾ," ಎಂದಳು. ಅವಳ ಅವ್ವ ಒಮ್ಮೆ ಕುದಿಸಿದ ಪುಡಿಯನ್ನೇ ಮತ್ತೆ ಕುದಿಸಿ ಮಾಡುವ ಕರಿ ಚಹಾ. ತೆಳ್ಳಗೆ ಕಂದು, ತಳದ ಹಾಳೆಯ ಗೆರೆ ಕಾಣುವಷ್ಟು ತಿಳಿ.

ಅಂಕುಶ ಸುನಂದಾಬಾಯಿಗೆ ಹೇಳಿದ: ಈ ಕಂದು ಬೇರಿನದು, ಹೊಲಸಲ್ಲ, ಮೀನಿಗೆ ಹಿತ. ಅವರು ಒಪ್ಪಿದರು. ಕಾತರಿನಾ ಎಲ್ಲ ಕಲಿತಿದ್ದಾಳೆ, ಇನ್ನು ತಾನು ತಿಂಗಳಿಗೊಮ್ಮೆ ಬಂದರೆ ಸಾಕು ಎಂದೂ ಸೇರಿಸಿದ.

ಟ್ಯಾಂಕು ಉಳಿಯಿತು, ಸೋಮವಾರ ಹೋಯಿತು. ಅವನು ಹೆಲ್ಮೆಟ್ ಎತ್ತಿಕೊಂಡು ಹೊರಟ. ಕಾತರಿನಾ ಮತ್ತೆ ಬೈಕಿನ ತನಕ ನಡೆದಳು.

"ತಿಂಗಳಿಗೊಮ್ಮೆ ಸಾಲೂದಿಲ್ಲ."

"ಯಾರಿಗೆ? ಮೀನಿಗೇನು?"

"ನನಗ."

ಹೆಲ್ಮೆಟ್ಟಿನ ಪಟ್ಟಿ ಹಾಕುತ್ತಿದ್ದ ಅವನು ಅದನ್ನು ಬಿಚ್ಚಿದ. ಅವಳು ಮೊದಲ ಬಾರಿಗೆ ಅವನನ್ನು ಗಾಜಿಲ್ಲದೆ, ನೇರವಾಗಿ ನೋಡುತ್ತಿದ್ದಳು. ಕಣ್ಣು ತಗ್ಗಿಸಿದವನು ಅವನೇ.

"ಬಣ್ಣದ ಫೋಟೋ ಕಳಸು ಅಂತ ಹೇಳಬಹುದಿತ್ತು ನಾ," ಎಂದ ಮೆಲ್ಲಗೆ. "ಹೇಳ್ಲಿಲ್ಲ. ಫೋಟೋದಾಗ ನೀ ಮಾತಾಡೂದಿಲ್ಲಲ್ಲ. ತಿಂಗಳಿಗೊಮ್ಮೆ ಅಂದದ್ದೂ ಅದಕ್ಕ. ಏನಂತಿ ಕೇಳೂಣು ಅಂತ."

"ಕೇಳಿದ್ರಲ್ಲ."

"ಕೇಳಿದೆ. ಆಯಿತವಾರ ನಿನ್ನ ಚರ್ಚ್ ಮುಗದ ಮ್ಯಾಲ ಕೋಗಿಲಬನಕ್ಕ ಬರ್ತೇನಿ. ನಿಮ್ಮವ್ವಗ ಏನಂತ ಹೇಳ್ಲಿ?"

"ನೀರು ನೋಡಾಕ ಬಂದೇನಿ ಅನ್ರಿ."

"ನಿಮ್ಮ ಮನ್ಯಾಗ ಟ್ಯಾಂಕ್ ಎಲ್ಲೈತಿ?"

"ಮನಿ ಮುಂದ ಹೊಳಿ ಐತಲ್ಲ."

ಮರುದಿನ ಬೆಳಿಗ್ಗೆ ಕಾತರಿನಾ ಲೋಟ ಹಿಡಿದು ಟ್ಯಾಂಕಿನ ಹತ್ತಿರ ಬಂದಳು. ನೀರು ಸರಿಹೋಗಿತ್ತು, ಬಣ್ಣ ಹೇಳುವ ಅಗತ್ಯವೇ ಇರಲಿಲ್ಲ. ಏಳಕ್ಕೆ ಇನ್ನೂ ಐದು ನಿಮಿಷ ಇರುವಾಗಲೇ ಅವಳ ಫೋನು ಗುನುಗತೊಡಗಿತು.