ಬೀರುವಿನ ಹಿಂದೆ ಬಳಿದ ಬಣ್ಣ

"ಈ ರೂಮಿಗೆ ಯಾವ ಬಣ್ಣ ಬೇಕು ನಿಮ್ಗೆ?"

ಬಾಗಿಲಲ್ಲಿ ನಿಂತವನ ಮಾತಿಗೆ ಶಿವಲಕ್ಷ್ಮಿ ತಬ್ಬಿಬ್ಬಾದಳು. ಮಡಚುತ್ತಿದ್ದ ಸೀರೆ ಕೈಯಲ್ಲೇ ಉಳಿಯಿತು. ನಿಮಗೇನು ಬೇಕು ಎಂದು ಈ ಮನೆಯಲ್ಲಿ ಯಾರಾದರೂ ಅವಳನ್ನು ಕೇಳಿ ಎಷ್ಟು ಕಾಲವಾಗಿತ್ತೋ...

ಅವನು ನಟರಾಜು, ಚನ್ನಪಟ್ಟಣದ ಪೇಂಟಿಂಗ್ ಮೇಸ್ತ್ರಿ. ಶಿವಲಕ್ಷ್ಮಿಯ ನಾದಿನಿ ರಮ್ಯಳ ಮದುವೆಗೆಂದು ಮನೆಗೆ ಬಣ್ಣ ಹೊಡೆಯಲು ವಿರೂಪಾಕ್ಷಿಪುರಕ್ಕೆ ಬಂದಿದ್ದ. ಗೋಡೆಯಲ್ಲಿ ಹಾರ ಹಾಕಿದ ಫೋಟೊ ಕಂಡಾಗ ಅವನ ಮುಖ ಬದಲಾಯಿತು. ಆದರೂ ಉತ್ತರಕ್ಕೆ ಕಾಯುತ್ತಾ ನಿಂತೇ ಇದ್ದ.

"ಈ ರೂಮಿಗೆ ಬಣ್ಣ ಹೊಡಿಯಂಗಿಲ್ಲ," ಎಂದಷ್ಟೇ ಹೇಳಿ ಅವಳು ಮುಖ ತಿರುಗಿಸಿದಳು.

ಫೋಟೊದಲ್ಲಿದ್ದವನು ಅವಳ ಗಂಡ ಸಿದ್ದರಾಮು. ಮದುವೆಗೆ ಮುಂಚೆ ತಾನೇ ಬ್ರಷ್ ಹಿಡಿದು ಈ ಕೋಣೆಗೆ ತಿಳಿನೀಲಿ ಬಳಿದಿದ್ದ. ಮದುವೆಯಾದ ಎರಡನೇ ವರ್ಷ ಮೈಸೂರು ರಸ್ತೆಯಲ್ಲಿ ಬೈಕಿಗೆ ಲಾರಿ ಗುದ್ದಿತು. ಅಂದಿನಿಂದ ಅತ್ತೆ ಅಂಬಮ್ಮ ಆ ಕೋಣೆಯ ಒಂದು ಮೊಳೆಯನ್ನೂ ಕದಲಿಸಲು ಬಿಟ್ಟಿರಲಿಲ್ಲ. ಅವನ ಶರ್ಟು ಗೂಟದಲ್ಲೇ ತೂಗುತ್ತಿತ್ತು. ಬೆಳಿಗ್ಗೆ ಅಂಬಮ್ಮ ದೀಪ ಹಚ್ಚಲು ಬಂದಾಗ ಮಾತ್ರ ಕಿಟಕಿ ತೆರೆಯುತ್ತಿತ್ತು.

ಶಿವಲಕ್ಷ್ಮಿ ಆ ನೀಲಿಯೊಳಗೇ ಮಲಗಿ ಏಳುತ್ತಿದ್ದಳು. ಹಿಪ್ಪುನೇರಳೆ ತೋಟಕ್ಕೆ ಹೋಗಬಹುದಿತ್ತು, ರೇಷ್ಮೆ ಹುಳುಗಳಿಗೆ ಸೊಪ್ಪು ಹಾಕಬಹುದಿತ್ತು. ಪೇಟೆಗೆ ಒಬ್ಬಳೇ ಹೋಗುವಂತಿರಲಿಲ್ಲ. ಕನಕಪುರದಲ್ಲಿದ್ದ ಅಣ್ಣನೂ, ಅತ್ತೆ ಮನೆಯಲ್ಲೇ ಮಾನವಾಗಿ ಇದ್ದುಬಿಡು ಎಂದು ಫೋನಿನಲ್ಲಿ ಹೇಳಿ ಕೈ ತೊಳೆದುಕೊಂಡಿದ್ದ.

ಅಂಬಮ್ಮ ಕೆಟ್ಟವಳಲ್ಲ. ಹೊತ್ತಿಗೆ ಸರಿಯಾಗಿ ಊಟಕ್ಕೆ ಕರೆಯುತ್ತಿದ್ದಳು, ಜ್ವರ ಬಂದರೆ ಹಣೆ ಮುಟ್ಟಿ ನೋಡುತ್ತಿದ್ದಳು. ಅದಕ್ಕೇ ಶಿವಲಕ್ಷ್ಮಿಗೆ ಜಗಳವಾಡಲೂ ದಾರಿ ಇರಲಿಲ್ಲ. ಉಸಿರು ಕಟ್ಟುತ್ತಿದೆ ಎಂದು ಯಾರಿಗೆ ಹೇಳುವುದು?

ಹೊರಗೆ ಹಜಾರದಲ್ಲಿ ರಮ್ಯಳದ್ದೇ ದರ್ಬಾರು. ಬಿಳಿ, ಬೂದು ಬಣ್ಣ ಎಲ್ಲ ಹಳೇದಾಯಿತು, ಈಗ ಎಲ್ಲರೂ ಮಣ್ಣಿನ ಬಣ್ಣಗಳನ್ನೇ ಇಷ್ಟಪಡುತ್ತಾರೆ ಎಂದು ಫೋನಿನಲ್ಲಿ ಚಿತ್ರಗಳನ್ನು ತೋರಿಸುತ್ತಿದ್ದಳು. ಟೆರಾಕೋಟಾ, ಸಾಸಿವೆ, ಗೋಧಿ...

"ಮಣ್ಣಿನ ಗೋಡೆ ಕೆಡವಿ ಸಿಮೆಂಟ್ ಗೋಡೆ ಕಟ್ಟೋ ಹೊತ್ಗೆ ನಮ್ ಸೊಂಟ ಬಿದ್ದೋಯ್ತು," ಎಂದು ಅಂಬಮ್ಮ ಗೊಣಗಿದಳು. "ಈಗ ನೀನು ಅದ್ಕೆ ಮಣ್ಣಿನ ಬಣ್ಣನೇ ಬಳಿಸ್ತೀಯಲ್ಲವ್ವ."

ಶಿವಲಕ್ಷ್ಮಿಗೆ ತಡೆಯಲಾಗದೆ ನಗು ಬಂತು. ಏಣಿಯ ಮೇಲಿದ್ದ ನಟರಾಜು ತಿರುಗಿ ನೋಡಿದ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು.

ಆಮೇಲೆ ಅವನು ಏನಾದರೊಂದು ನೆಪ ಮಾಡಿ ಅವಳ ಅಭಿಪ್ರಾಯ ಕೇಳತೊಡಗಿದ. ಈ ಗೋಡೆಗೆ ಒಸಿ ಗಾಢವಾಯಿತೇ, ಕಿಟಕಿಯ ಪಕ್ಕಕ್ಕೆ ಸಾಸಿವೆ ಬಣ್ಣ ಒಪ್ಪುತ್ತದೆಯೇ... ಮೊದಮೊದಲು ತಲೆ ಆಡಿಸುತ್ತಿದ್ದವಳು ಕ್ರಮೇಣ ಬಾಯಿಬಿಟ್ಟು ಹೇಳತೊಡಗಿದಳು. ಹಜಾರ ಕೆಂಪಾಗಿ ಬೆಚ್ಚಗಾಯಿತು. ಸಂಜೆ ಬಿಸಿಲು ಬಿದ್ದರೆ ಗೋಡೆಗಳು ಆಗತಾನೇ ಉತ್ತ ಹೊಲದಂತೆ ಕಾಣುತ್ತಿದ್ದವು. ಒಮ್ಮೆ ಅವಳು ಕಾಫಿ ಕೊಡುವಾಗ ಅವನು ತನ್ನ ಕಥೆ ಹೇಳಿಕೊಂಡ. ಮದುವೆ ಗೊತ್ತಾಗಿದ್ದ ಹುಡುಗಿ ಬೇರೆಯವನನ್ನು ಮೆಚ್ಚಿ ಹೋದಳಂತೆ. ಬೇಜಾರಿಲ್ಲ, ಅವಳಾದರೂ ಇಷ್ಟಪಟ್ಟವನ ಜೊತೆ ಇದ್ದಾಳೆ ಎಂದ.

ಒಂದು ಮಧ್ಯಾಹ್ನ ಅಂಬಮ್ಮ ಲಗ್ನಪತ್ರಿಕೆ ಹಂಚಲು ಹೋಗಿದ್ದಳು. ಶಿವಲಕ್ಷ್ಮಿ ತಾನಾಗಿಯೇ ನಟರಾಜುವನ್ನು ಕರೆದು, ಕೋಣೆಯ ಬೀರುವನ್ನು ಗೋಡೆಯಿಂದ ಸರಿಸಲು ಹೇಳಿದಳು. ಅದರ ಹಿಂದೆ ಬಳಿದರೆ ಯಾರಿಗೂ ಕಾಣುವುದಿಲ್ಲ ಎಂದಳು.

ಅವನು ನೀಲಿಯ ಮೇಲೆ ಒಂದು ಬಾಗಿಲಷ್ಟು ಅಗಲ ಕೆಮ್ಮಣ್ಣಿನ ಬಣ್ಣ ಬಳಿದ. ಹೋಗುವಾಗ ಮೆಲ್ಲಗೆ ಕೇಳಿದ, "ಇಷ್ಟೇ ಸಾಕಾ?"

ಅವಳ ಕಣ್ಣು ತುಂಬಿತು. *ಸಾಲದು... ಆದರೆ ಹೇಗೆ ಹೇಳಲಿ?*

ಅಂದಿನಿಂದ ಅವಳು ಬೀರುವಿನ ಸಂದಿಯಲ್ಲಿ ಕೈ ತೂರಿಸಿ ಆ ಗೋಡೆಯನ್ನು ಮುಟ್ಟುತ್ತಿದ್ದಳು. ಅವನ ಹೆಜ್ಜೆ ಸಪ್ಪಳ ಕೇಳಿದರೆ ಮುಖ ಬಿಸಿಯಾಗುತ್ತಿತ್ತು. ಇಂಥ ಆಸೆ ತನಗೆ ಸಲ್ಲುವುದಿಲ್ಲ ಎಂದು ತನ್ನನ್ನೇ ಗದರಿಕೊಳ್ಳುತ್ತಿದ್ದಳು.

ಕೆಲಸ ಮುಗಿಯುವ ದಿನ ಅತ್ತೆ ಅವಳನ್ನು ಸೊಪ್ಪು ಕೊಯ್ಯಲು ತೋಟಕ್ಕೆ ಕಳಿಸಿದಳು. ಸಂಜೆ ಬಂದು ನೋಡಿದರೆ ಏಣಿ ಇಲ್ಲ, ಡಬ್ಬಗಳಿಲ್ಲ, ಅವನೂ ಇಲ್ಲ. ಅವಳು ಕೋಣೆಗೆ ಓಡಿ, ಬಲವೆಲ್ಲ ಹಾಕಿ ಬೀರು ಸರಿಸಿದಳು.

ಎಲ್ಲವೂ ನೀಲಿ. ಹಳೆಯ ನೀಲಿಗೆ ಹೊಂದುವಂತೆ ಕಲಸಿ, ಕಲೆಯೂ ಉಳಿಯದ ಹಾಗೆ ಮುಚ್ಚಿ ಹೋಗಿದ್ದ.

*ಅವನಿಗೂ ನಾನು ಬೇಡವಾದೆನೇ...* ಅವಳು ಗೋಡೆಗೊರಗಿ ಕುಸಿದು ಕೂತಳು.

ಮದುವೆ ಮುಗಿಯಿತು. ಮುಹೂರ್ತದ ಹೊತ್ತಿನಲ್ಲಿ ಶಿವಲಕ್ಷ್ಮಿಯನ್ನು ಉಗ್ರಾಣದ ಕೆಲಸಕ್ಕೆ ಹಾಕಿದ್ದರು. ಯಾರೂ ಬೈಯಲಿಲ್ಲ, ಯಾರೂ ಕರೆಯಲೂ ಇಲ್ಲ.

ಮೊದಲ ಸಲ ತವರಿಗೆ ಬಂದ ರಮ್ಯ ಅತ್ತಿಗೆಯ ಸೊರಗಿದ ಮುಖ ನೋಡಿ ಕೈ ಹಿಡಿದುಕೊಂಡು ಅತ್ತಳು. ಬೀರುವಿನ ಹಿಂದಿನ ಬಣ್ಣವನ್ನು ಅವ್ವ ದೀಪ ಹಚ್ಚಲು ಬಂದಾಗ ಸಂದಿಯಲ್ಲಿ ನೋಡಿಬಿಟ್ಟಿದ್ದಳಂತೆ. ಸೊಸೆ ತಪ್ಪಾಯಿತೆಂದು ಅಳುತ್ತಿದ್ದಾಳೆ, ಅದನ್ನು ಮುಚ್ಚಿ ಇನ್ನು ಇತ್ತ ಬರಬೇಡ ಅಂದಿದ್ದಾಳೆ ಎಂದು ನಟರಾಜುವಿಗೆ ಹೇಳಿದ್ದಳಂತೆ.

"ಮದ್ವೆಗೆ ಏನಾರಾ ಆಯ್ತದೆ ಅಂತ ನಾನೂ ಬಾಯಿ ಮುಚ್ಕೊಂಡಿದ್ದೆ ಕಣತ್ತಿಗೆ. ಅವ್ರು ಈಗ ಕೆಂಗಲ್ ತಾವ ಕೆಲ್ಸ ಮಾಡ್ತಾವ್ರೆ."

ಶಿವಲಕ್ಷ್ಮಿ ಎದ್ದು ನೇರವಾಗಿ ಅತ್ತೆಯ ಮುಂದೆ ಹೋಗಿ ನಿಂತಳು. ದನಿ ನಡುಗಲಿಲ್ಲ.

"ನಾನು ಅಳ್ನಿಲ್ಲ ಅತ್ತೆ. ಬೇಡ ಅನ್ಲೂ ಇಲ್ಲ. ನಂಗೆ ಅವ್ರು ಬೇಕು."

ಅಂಬಮ್ಮ ಸಿಡಿಯಲಿಲ್ಲ. ಕೆಂಪು ಗೋಡೆಗೆ ಒರಗಿ ಕೂತು, ಮಗುವಿನ ಹಾಗೆ ಬಿಕ್ಕಿದಳು. "ಆ ನೀಲಿನೂ ಹೊಂಟೋದ್ರೆ ನನ್ ಮಗನ್ನ ಎಲ್ಲಿ ನೋಡ್ಲವ್ವ? ನೀನೂ ಹೊಂಟೋದ್ರೆ?"

ಬಾಗಿಲತ್ತ ತಿರುಗಿದ್ದ ಶಿವಲಕ್ಷ್ಮಿ ನಿಂತಳು. ಇದೇ ಅಳು ಅವಳನ್ನು ಇಷ್ಟು ದಿನ ಹಿಡಿದಿಟ್ಟಿತ್ತು. ಇನ್ನೊಂದು ಗಳಿಗೆ ನಿಂತಿದ್ದರೆ ಸೋತು ಕೋಣೆಗೆ ಮರಳುತ್ತಿದ್ದಳೇನೋ.

ಆಗ ಜಗಲಿಯಲ್ಲಿ ಕೂತಿದ್ದ ಮಾವ ನರಸಯ್ಯ ಒಳಗೆ ಬಂದ. ಮಗ ಸತ್ತ ಮೇಲೆ ಆತ ಮನೆಯಲ್ಲಿ ಮಾತಾಡಿದ್ದೇ ಕಡಿಮೆ.

"ರೂಮ್ನ ನೀನು ಹಂಗೇ ಮಡಿಕ್ಕಳೆ," ಎಂದ ಹೆಂಡತಿಗೆ. "ಈ ಮಗೀನ ಬುಡು."

ಶಿವಲಕ್ಷ್ಮಿ ಮಾವನ ಕಾಲು ಮುಟ್ಟಿದಳು. ಅತ್ತೆಯನ್ನು ಒಮ್ಮೆ ತಬ್ಬಿಕೊಂಡಳು. ಆ ನೀಲಿಯನ್ನು ನಾನಂತೂ ಅಳಿಸುವುದಿಲ್ಲ ಎಂದು ಕಿವಿಯಲ್ಲಿ ಹೇಳಿ, ಒಬ್ಬಳೇ ಬಸ್ ಹತ್ತಿದಳು.

ಕೆಂಗಲ್ ದೇವಸ್ಥಾನದ ಹಿಂದಿನ ಹೊಸ ಮನೆಯೊಂದರಲ್ಲಿ ನಟರಾಜು ಗೋಡೆ ಉಜ್ಜುತ್ತಿದ್ದ. ಅವಳನ್ನು ಕಂಡವನ ಕೈಯಿಂದ ಉಪ್ಪುಕಾಗದ ಕೆಳಗೆ ಬಿತ್ತು.

"ನೀವೇ ಬೇಡ ಅಂದ್ರಿ ಅಂತ..."

"ಯಾರೋ ಅಂದ್ರೆ ನಂಬ್ಬುಟ್ರಾ? ತೋಟದವರ್ಗೂ ಬಂದು ನನ್ನ ಒಂದು ಮಾತು ಕೇಳ್ಬಾರ್ದಿತ್ತಾ?"

ಅವನು ತಲೆ ತಗ್ಗಿಸಿದ. "ಹೆದರ್ಕೊಂಡೆ. ನನ್ನಿಂದ ನಿಮ್ಗೆ ಕೆಟ್ಟ ಹೆಸ್ರು ಬತ್ತದೆ ಅಂತ. ಮುಚ್ಚೋವಾಗ ಕೈಯೇ ಓಡ್ನಿಲ್ಲ ಲಕ್ಷ್ಮಿ."

ಅವಳ ಕೋಪವೆಲ್ಲ ಕಣ್ಣೀರಾಗಿ ಇಳಿಯಿತು. ಅವನು ಹತ್ತಿರ ಬಂದ, ಆದರೆ ಮುಟ್ಟಲು ಹಿಂಜರಿದ. ಮೈಯೆಲ್ಲ ಗೋಡೆಗೆ ಮೆತ್ತಿದ ಪುಟ್ಟಿಯ ಬಿಳಿ ಪುಡಿ. ಅವಳೇ ಆ ಕೈ ಹಿಡಿದುಕೊಂಡಳು.

"ನನ್ನ ಮದ್ವೆ ಆಯ್ತೀಯಾ?" ಎಂದ, ಕೇಳಿಯೂ ಕೇಳದಷ್ಟು ಮೆಲ್ಲಗೆ.

"ಆಯ್ತೀನಿ. ಆದ್ರೆ ಕದ್ದು ಬರಲ್ಲ. ನಮ್ ಅತ್ತೆ ಮಾವನ ಮುಂದೆ ಬಂದು ಕೇಳಿ."

"ಯಾವಾಗ?"

"ಈಗ. ನಾಲ್ಕೂವರೆ ಬಸ್ಸಿಗೆ."

ಅವನು ತನ್ನ ಬಟ್ಟೆ ನೋಡಿಕೊಂಡು ಗಾಬರಿಯಾದ. "ಒಸಿ ಮುಖನಾರಾ ತೊಳ್ಕತೀನಿ ತಡಿ..."

"ತೊಳ್ಕಳಿ," ಎಂದು ಶಿವಲಕ್ಷ್ಮಿ ಅಳುತ್ತಲೇ ನಕ್ಕಳು. "ನಾನು ಇಲ್ಲೇ ನಿಂತಿರ್ತೀನಿ."