ಎದೆಯ ಮೇಲೊಂದು ಕಪ್ಪು ಚುಕ್ಕೆ

"ನೀನ್ಯಾಕೆ ಬಂದೆ?"

ಸ್ಕ್ಯಾನ್ ಕೋಣೆಯ ಹೊರಗಿನ ಬೆಂಚಿನಲ್ಲಿ ಅವನನ್ನು ಕಂಡದ್ದೇ ಅವಳು ನಿಂತಲ್ಲೇ ನಿಂತಳು.

"ಇವತ್ತು ಸ್ಕ್ಯಾನ್ ಅಂತ ನಿಮ್ಮ ಅತ್ತಿಗೆ ಹೇಳಿದ್ರು."

"ದೂರ ಕೂತ್ಕೋ. ನನ್ನ ಮೈಯಲ್ಲಿನ್ನೂ ವಿಕಿರಣ ಇದೆ."

ಅವನು ಬೆಂಚಿನ ತುದಿಗೆ ಸರಿದ. "ಇನ್ನೂ ಸರಿದ್ರೆ ಗೋಡೆ ಒಳಗೇ ಹೋಗ್ಬೇಕು."

ಬಂದ ನಗುವನ್ನು ಅವಳು ನುಂಗಿಕೊಂಡಳು.

ಥೈರಾಯ್ಡ್ ಕ್ಯಾನ್ಸರ್ ಎಂದು ತಿಳಿದ ದಿನವೇ ಗ್ರಂಥಾಲಯದ ಈ ಮೇಡಂ ತಾನು ಪ್ರೀತಿಸಿದ ಈ ದರ್ಜಿಗೆ ಹೇಳಿಬಿಟ್ಟಿದ್ದಳು: 'ನನಗಾಗಿ ಕಾಯಬೇಡ. ನೋಡೋಕೂ ಬರಬೇಡ.' ಅವನು ಹೊರಟುಹೋದ.

ನಿಜವಾಗಿಯೂ ಬರಲೇ ಇಲ್ಲ! ಶಸ್ತ್ರಚಿಕಿತ್ಸೆ ಮುಗಿಯಿತು. ವಿಕಿರಣದ ಅಯೋಡಿನ್ ಔಷಧಿ ನುಂಗಿ ಒಂಟಿ ಕೋಣೆಯಲ್ಲಿದ್ದದ್ದೂ ಆಯಿತು... 'ಸದ್ಯ, ತಪ್ಪಿಸಿಕೊಂಡೆ ಅಂತ ಉಸಿರು ಬಿಟ್ಟಿರಬೇಕು' ಎಂದುಕೊಂಡಿದ್ದಳು.

ಒಳಗೆ, ಯಂತ್ರ ಅವಳ ಮೇಲೆ ನಿಧಾನವಾಗಿ ಸರಿಯಿತು. ಕಣ್ಣು ಮುಚ್ಚಿದರೆ ಅದೇ ಹಳೆಯ ಅಂಗಡಿ... ಹೊಸ ಬಟ್ಟೆಯ ವಾಸನೆ. ತೋಳು ಬಿಗಿಯಾಯಿತೆಂದು ಅವಳು ಜಗಳಕ್ಕೆ ಹೋದದ್ದು, 'ಪುಸ್ತಕ ಎತ್ತಿ ಎತ್ತಿ ತೋಳು ಬಲಿತಿದೆ ಮೇಡಂ, ನನ್ನ ತಪ್ಪಲ್ಲ' ಎಂದು ಅವನು ನಕ್ಕದ್ದು. ಎಂಥ ಸಂಜೆಗಳು ಅವು!

ಸ್ಕ್ಯಾನ್ ಮಾಡುವ ಅಕ್ಕ ಪರದೆಯತ್ತ ಬಾಗಿ ಹುಬ್ಬು ಗಂಟಿಕ್ಕಿದಳು.

"ಏನಕ್ಕ?"

"ಕುತ್ತಿಗೆ ಹತ್ರ ಕಾಣ್ತಿರೋದು ಸರಿ. ಉಳಿದ ಚೂರು ಔಷಧಿ ಹೀರಿದೆ. ಆದ್ರೆ ಎದೆ ಮೇಲೊಂದು ಚುಕ್ಕೆ..."

ಕ್ಯಾನ್ಸರ್ ಎದೆಗೂ ಹರಡಿಬಿಟ್ಟಿತೇ? 'ದೇವರೇ... ಅವನ ಜೊತೆ ಇನ್ನೊಂದು ಸಲ ಜಗಳವಾಡದೆಯೇ ಹೋಗಿಬಿಡ್ತೀನಾ?'

"ಒಳಗೇನಾದ್ರೂ ಸಿಕ್ಕಿಸ್ಕೊಂಡಿದ್ದೀಯಾ ತಾಯಿ?"

ಅವಳು ತಲೆತಗ್ಗಿಸಿ ಒಂದು ಕರವಸ್ತ್ರ ಹೊರತೆಗೆದಳು.

"ಒಂಟಿ ಕೋಣೇಲೂ ಇದು ಜೊತೇಲಿತ್ತಾ? ಇದರಲ್ಲಿ ಅತ್ತಿದ್ದೀಯಾ?"

"ಅಲ್ಲಿ ಬೇರೇನು ಕೆಲಸ ಇತ್ತಕ್ಕ..."

"ಅಯ್ಯೋ ನಿನ್ನ! ಕಣ್ಣೀರಲ್ಲೂ ಆ ಔಷಧಿ ಬರುತ್ತೆ! ಅಲ್ಲಿಂದ ಏನೂ ತರಬೇಡ ಅಂದಿದ್ರೂ ತಂದಿದ್ದೀಯಲ್ಲ, ಏನು ಚಿನ್ನದ್ದಾ?"

"ಹೊರಗೆ ಕೂತಿದ್ದಾನಲ್ಲ, ಅವನು ಹೊಲಿದುಕೊಟ್ಟಿದ್ದಕ್ಕ."

ಅಕ್ಕ ಕೈಗವಸು ಹಾಕಿ ಅದನ್ನು ಚೀಲಕ್ಕಿಳಿಸಿದಳು. ಅವಳ ಕೈತೊಳೆಸಿ, ಬಟ್ಟೆ ಬದಲಿಸಿ ಮತ್ತೆ ಸ್ಕ್ಯಾನ್. ಚುಕ್ಕೆ ಮಾಯ! ಡಾಕ್ಟರೂ ಬಂದು ನೋಡಿ, "ಬೇರೆಲ್ಲೂ ಹರಡಿಲ್ಲಮ್ಮ" ಎಂದರು.

ಹೊರಗೆ ಅವನು ಎದ್ದು ನಿಂತಿದ್ದ. ಮುಖದಲ್ಲಿ ರಕ್ತವೇ ಇರಲಿಲ್ಲ. "ಯಾಕಿಷ್ಟು ಹೊತ್ತು?"

"ನಿಮ್ಮ ಕರವಸ್ತ್ರದ ಕೃಪೆ!" ಎಂದು ಬಾಗಿಲಲ್ಲಿ ಅಕ್ಕ ನಕ್ಕು, ನಡೆದದ್ದನ್ನೆಲ್ಲ ಹೇಳಿ ಒಳಗೆ ಹೋದಳು.

ಅವನ ಕಣ್ಣು ತುಂಬಿತು. "ಎಸೆದಿರ್ತೀಯ ಅಂದ್ಕೊಂಡಿದ್ದೆ..."

"ನೀನು ಮರೆತಿರ್ತೀಯ ಅಂದ್ಕೊಂಡಿದ್ದೆ. ಬರಲೇ ಇಲ್ವಲ್ಲ!"

"ಬರಬೇಡ ಅಂದಿದ್ದು ಯಾರು? ನೀನು ಬಿಚ್ಚು ಅಂದಾಗೆಲ್ಲ ಹೊಲಿಗೆ ಬಿಚ್ಚಿಕೊಟ್ಟಿದ್ದೀನಿ. ನಮ್ಮಿಬ್ಬರ ಈ ಹೊಲಿಗೆ ಒಂದನ್ನ ಮಾತ್ರ ಬಿಚ್ಚೋಕೆ ಆಗ್ಲಿಲ್ಲ ಕಣೇ."

ಅವಳು ಕಣ್ಣೊರೆಸಿಕೊಂಡು, "ನಮ್ಮ ಮದುವೆ ಬಟ್ಟೆ ನೀನೇ ಹೊಲೀತೀಯಾ?" ಎಂದಳು.

ಅವನು ಬೆಪ್ಪಾಗಿ ನೋಡಿದ. ಆಮೇಲೆ ಮೆಲ್ಲಗೆ ಕೇಳಿದ, "ಕಾಲರ್ ಎತ್ತರ ಇಡ್ಲಾ? ಕುತ್ತಿಗೆ ಗಾಯ ಮುಚ್ಚೋ ಹಾಗೆ?"

"ಬೇಡ. ಕಾಣಲಿ."

"ಹಾಗಾದ್ರೆ ಅಳತೆ..." ಎಂದು ಅವನು ಹೆಜ್ಜೆ ಮುಂದಿಟ್ಟ.

"ಅಲ್ಲೇ ನಿಲ್ಲು! ಡಾಕ್ಟರು ಹೂಂ ಅನ್ನೋವರೆಗೂ," ಎಂದು ಅವಳು ಅಳುತ್ತಲೇ ನಕ್ಕಳು, "ಕಣ್ಣಳತೆ ಸಾಕು."