ಮೊದಲ ಹಿಡಿ

“ಬ್ಯಾಡ್ರಿ ಮಾಸ್ತರ. ಅದು ಮೀಸಲ ಟಗರ. ಅದರ ಮ್ಯಾಲ ಕಣ್ಣ ಸೈತ ಹಾಕಬಾರ್ದು,” ಎಂದು ಭೀಮವ್ವ ಎರಡೂ ಕೈಯಲ್ಲಿ ಸೆರಗೊಡ್ಡಿ ನಿಂತಳು.

ಫಕೀರಪ್ಪ ಮಾಸ್ತರ ನಕ್ಕುಬಿಟ್ಟ. ಹುಬ್ಬಳ್ಳಿಯ ಗರಡಿಮನೆಯ ಕೆಮ್ಮಣ್ಣಿನಲ್ಲಿ ಹೊರಳಿ ಹದಗೊಂಡ ಮೈ ಅವನದು. ನಿಜಾಮನ ಆಳಿಕೆ ಮುಗಿದು ಎರಡು ಮಳೆಗಾಲ ಕಳೆದಿದ್ದವು. ಶಿರವಾಳದಾಚೆಯ ಆ ಹಳ್ಳಿಯ ಶಾಲೆಯಲ್ಲಿ ಉರ್ದು ಎದ್ದುಹೋಗಿ ಕನ್ನಡ ಬಂದು ಕೂತಿತ್ತು. ಕನ್ನಡದ ಬೆನ್ನಿಗೇ ಮಕ್ಕಳಿಗೆ ಡ್ರಿಲ್ ಕಲಿಸಲು ಇವನೂ ಬಂದಿದ್ದ. ಅಂದು ಮುಂಜಾನೆ ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಎದೆ ಉಬ್ಬಿಸುವುದು ಹೇಗೆಂದು ತೋರಿಸುತ್ತಿದ್ದಾಗ ಈ ಟಗರು ಹಿಂದಿನಿಂದ ಬಂದು ಒಂದೇ ಗುದ್ದಿಗೆ ಅವನನ್ನು ಮಣ್ಣು ಮುಕ್ಕಿಸಿತ್ತು. ಮಕ್ಕಳು ಬಿದ್ದು ಬಿದ್ದು ನಕ್ಕಿದ್ದರು. ಆ ನಗೆ ಇನ್ನೂ ಅವನ ಕಿವಿಯಲ್ಲಿ ಉರಿಯುತ್ತಿತ್ತು. ಸಾಲದ್ದಕ್ಕೆ ಶಾಲೆ ನೋಡಲು ಇನ್ಸ್‌ಪೆಕ್ಟರ ಸಾಹೇಬರು ಬರುವವರಿದ್ದರು. ಅವರಿಗೆ ಊಟವಾಗಬೇಕಿತ್ತು.

“ಮೀಸಲಂದ್ರ ಏನಬೇ? ದೇವರ ಬಂದು ತಿಂತಾನೇನು? ಕಡೀಕ ತಿನ್ನಾವ್ರು ನೀವ ಹೌದಲ್ಲೋ?”

“ಹೌದ್ರಿ, ತಿಂತೀವಿ. ನನ್ನ ಮಗ ಬಂದ ದಿನ ತಿಂತೀವಿ.”

ಅವಳ ಮಗ ದೇವಿಂದ್ರಪ್ಪನ ಕತೆ ಊರಿಗೆಲ್ಲ ಗೊತ್ತು. ನಿಜಾಮನ ಕಾಲದಲ್ಲಿ ಚಳವಳಿಯ ಹುಡುಗರ ಜೊತೆ ಸೇರಿ ಸರಕಾರದ ಸೇಂದಿಯ ಈಚಲು ಮರ ಕಡಿದನೆಂದು ಅವನ ಮೇಲೆ ವಾರಂಟು ಹೊರಟಿತ್ತು. ಉಣ್ಣುತ್ತಿದ್ದ ಗಂಗಾಳ ಬಿಟ್ಟು ಹಿತ್ತಿಲಿನಿಂದ ಓಡಿದವನು ಇನ್ನೂ ತಿರುಗಿ ಬಂದಿರಲಿಲ್ಲ. ಮಗ ಹೊಸ್ತಿಲು ತುಳಿದ ದಿನವೇ ಕೊಡುತ್ತೇನೆಂದು ಭೀಮವ್ವ ಊರ ಹೊರಗಿನ ದೇವಿ ಕರೆಮ್ಮನಿಗೆ ಈ ಟಗರನ್ನು ಬಿಟ್ಟಿದ್ದಳು. ಪೂಜಾರಿ ಅಮೋಘಸಿದ್ದ ಅವಳ ಮನೆಯ ಮುಂದೆ ಗೂಟ ಹುಗಿದು, ಕರೇ ಉಣ್ಣೆಯ ದಾರ ಹೊಸೆದು, ಅದರ ಒಂದು ತುದಿಯನ್ನು ಗೂಟಕ್ಕೂ ಇನ್ನೊಂದನ್ನು ಟಗರಿನ ಕೊರಳಿಗೂ ಮಂತ್ರಿಸಿ ಕಟ್ಟಿದ್ದ. ಗೂಟದ ಕಡೆಯ ದಾರ ಎಂದೋ ಹರಿದಿತ್ತು; ಆದರೂ ಟಗರು ಊರೆಲ್ಲ ಅಲೆದು ಊರ ಹಳ್ಳ ಮಾತ್ರ ದಾಟುತ್ತಿರಲಿಲ್ಲ. ಅಂದಿನಿಂದ ಊರಿನ ಯಾವ ಹೆಂಗಸೂ ಮೊದಲ ಹಿಡಿ ಜೋಳ ತೆಗೆದಿಡದೆ ಬೀಸುವ ಕಲ್ಲಿಗೆ ಕೈ ಹಚ್ಚಿದವಳಲ್ಲ. ಹೊತ್ತು ಮುಳುಗುವಾಗ ಕುಂಕುಮ ಹಚ್ಚಿದ ಆ ಹಿಡಿ ಗೂಟದ ಮಗ್ಗುಲಿನ ಕಲ್ಲುದೋಣಿಗೆ ಬೀಳುತ್ತಿತ್ತು; ಭೀಮವ್ವ ಹಣೆ ಕೆರೆಯುತ್ತ ಟಗರಿಗೆ ತಿನ್ನಿಸುತ್ತಿದ್ದಳು.

ಸುದ್ದಿ ಕೇಳಿ ಅಮೋಘಸಿದ್ದನೂ ಬಂದ. ಮುದುಕನ ಮಾತು ಮೆಲ್ಲಗಿತ್ತು.

“ತಮ್ಮಾ, ಅದರ ಕೊಳ್ಳಾಗ ಇದ್ದದ್ದು ಹಗ್ಗಲ್ಲ, ಕಟ್ಟು. ಹೊತ್ತಿಲ್ಲದ ಹೊತ್ತಿನ್ಯಾಗ ಕಡಿದವನ ಕೊಳ್ಳಿಗಿ ಅದು ಬೀಳ್ತದ.”

“ಬೀಳ್ಲಿ ಬಿಡ ಮುತ್ಯಾ. ನನ್ನ ಕೊಳ್ಳ ಗರಡ್ಯಾಗ ಹುರಿ ಆಗೈತಿ.”

ಟಗರಿನ ಕಾಲು ಹಿಡಿಯಲು ಊರಲ್ಲಿ ಒಬ್ಬರೂ ಮುಂದೆ ಬರಲಿಲ್ಲ. ಮಾಸ್ತರನೇ ಕೆಡವಿ ಕಡಿದ. ಅಂದು ಶಾಲೆಯ ಅಂಗಳದಲ್ಲೆಲ್ಲ ಬಿಸಿ ರಕ್ತ, ಅರಿಶಿನ ಮತ್ತು ಹಸಿ ಉಣ್ಣೆಯ ವಾಸನೆ ಹಬ್ಬಿತು. ಸಾಹೇಬರು ಚಪ್ಪರಿಸಿ ಉಂಡು ಯಾದಗಿರಿಯ ಹಾದಿ ಹಿಡಿದರು. ಅವರಿಗೆ ಏನೂ ಆಗಲಿಲ್ಲ.

ಮಾಸ್ತರನಿಗೆ ಮೊದಲು ತಿಳಿದದ್ದು ನಡುಪಟ್ಟಿಯಲ್ಲಿ. ರೂಢಿಯ ತೂತಿಗೆ ಕೊಂಡಿ ಕೂಡಲಿಲ್ಲ. ಮುಂದಿನ ತೂತಿಗೆ ಸರಿಸಿದ. ಅಮಾಸಿ ಬರುವಷ್ಟರಲ್ಲಿ ಅದೂ ಬಿಗಿಯಾಯಿತು. ಅವನು ಉಣ್ಣುವುದರಲ್ಲಿ ಎಂದೂ ಹದ ತಪ್ಪಿದವನಲ್ಲ. ಜೋಳದ ಹಿಟ್ಟನ್ನು ತಕ್ಕಡಿಯಲ್ಲಿ ತೂಗಿಯೇ ರೊಟ್ಟಿ ಬಡಿಯುತ್ತಿದ್ದ. ಈಗ ಒಂದು ರೊಟ್ಟಿ ಬಿಟ್ಟ. ಆಮೇಲೆ ಅರ್ಧಕ್ಕೆ ಬಂದ. ಎಣ್ಣೆ, ಬೆಲ್ಲ, ಶೇಂಗಾ ಮುಟ್ಟಲಿಲ್ಲ. ನಸುಕಿನಲ್ಲಿ ಹಾಳು ಗುಡಿಯ ತನಕ ಓಡುತ್ತಿದ್ದ. ಮುರಿದ ಕಂಬಗಳ ನಡುವೆ ಬೆವರು ನೆಲಕ್ಕೆ ಇಳಿಯುವ ತನಕ ದಂಡ ಹೊಡೆದು, ಬೈಠಕ್ ತೆಗೆದು ಬರುತ್ತಿದ್ದ. ಬಂದು ನೋಡಿದರೆ ಅಂಗಿಯ ಗುಂಡಿ ಇನ್ನೊಂದು ಕಿತ್ತಿರುತ್ತಿತ್ತು.

ಹತ್ತಿ ತೂಗುವ ಕಾಟಾದ ಮೇಲೆ ಏರಿ ನಿಂತಾಗ ತೂಗುವ ತಾಯಪ್ಪ ಕಲ್ಲಿನ ಮೇಲೆ ಕಲ್ಲು ಹಾಕಿದ. “ಏನ್ರಿ ಮಾಸ್ತರ, ಹೋದ ಸಂತಿಗಿಂತ ಒಂದ ದಡೆ ತೂಕ ಹೆಚ್ಚ ಬಂದೀರಿ. ಉಪಾಸ ಅದೀನಿ ಅಂತೀರಿ, ನನ್ನ ಅಂಡಗಿ ಹತ್ತಿ ಏನರ ನುಂಗೀರೇನು?” ಸುತ್ತಲಿದ್ದವರು ನಕ್ಕರು. ಮಾಸ್ತರನೂ ನಕ್ಕ. ನಗುವಾಗ ಗಲ್ಲದ ಕೆಳಗಿನ ಮಾಂಸ ಅಲುಗಿದ್ದು ಅವನಿಗೇ ತಿಳಿಯಿತು.

ಶಹಾಪುರದ ಡಾಕ್ಟರ ನಾಲಿಗೆ ನೋಡಿ, ಹೊಟ್ಟೆ ಒತ್ತಿ, “ಬಾಯಿ ಕಟ್ಟು” ಅಂದ.

ಬಾಯಿ ಕಟ್ಟಿದ. ಬರೀ ನೀರು ಮಜ್ಜಿಗೆಯ ಮೇಲೆ ಇದ್ದ. ಆದರೂ ಹೊತ್ತು ಮುಳುಗುತ್ತಲೇ ಹೊಟ್ಟೆ ಬಿರಿಯುವ ಹಾಗೆ ತುಂಬುತ್ತಿತ್ತು. ತೇಗು ಬರುತ್ತಿತ್ತು. ತೇಗಿನಲ್ಲಿ ಹಸಿ ಜೋಳದ ವಾಸನೆ, ನೆನೆದ ಹೊಟ್ಟಿನ ವಾಸನೆ. ಒಂದು ಸಂಜೆ ಕನ್ನಡಿಯ ಮುಂದೆ ಗಡ್ಡ ಹೆರೆಯುತ್ತಿದ್ದಾಗ ದವಡೆ ತಾನಾಗಿ ಅಡ್ಡಡ್ಡ ಸರಿದಾಡಿತು. ಬಾಯಲ್ಲಿ ಏನೂ ಇರಲಿಲ್ಲ. ಅದು ಅಗಿಯುತ್ತಿತ್ತು. ದೂರದ ಓಣಿಯಲ್ಲಿ ಬಳೆಯ ಸದ್ದು.

ಮರುದಿನ ಇಳಿಹೊತ್ತಿಗೆ ಅವನು ಭೀಮವ್ವನ ಮನೆಯೆದುರಿನ ಬೇವಿನ ಮರದ ಹಿಂದೆ ಬಂದು ನಿಂತ. ಟಗರು ಸತ್ತು ತಿಂಗಳುಗಳಾಗಿದ್ದರೂ ಗೂಟ ಹಾಗೇ ಇತ್ತು. ದೋಣಿಯೂ ಇತ್ತು. ರೇಣಮ್ಮ ಬಂದಳು. ಹಿಡಿ ಬಿಚ್ಚಿದಳು. ಜೋಳ ಕಲ್ಲಿಗೆ ಬಿತ್ತು. ಮಾಸ್ತರನ ಗಂಟಲು ಗುಳಕ್ ಎಂದಿತು. ಮೌನಮ್ಮ ಬಂದಳು. ಗುಳಕ್. ಸುಂದ್ರಮ್ಮ ಬಂದಳು. ಗುಳಕ್. ಬಾಯಿ ಮುಚ್ಚಿದ. ಎರಡೂ ಕೈಯಿಂದ ಗಂಟಲು ಹಿಡಿದ. ಬಳೆ ಸದ್ದಾದವು. ಹಿಡಿ ಬಿಚ್ಚಿದವು. ಗಂಟಲು ಅವನ ಕೈಯೊಳಗೇ ನುಂಗಿತು. ಮತ್ತೆ ನುಂಗಿತು. ದೋಣಿಯಲ್ಲಿ ಜೋಳ ಸುಳಿ ಸುಳಿಯಾಗಿ ಕೆಳಗಿಳಿಯುತ್ತಿತ್ತು. ನಾಲಿಗೆ ಕಾಣಲಿಲ್ಲ. ನೆಕ್ಕಿದ ಒದ್ದೆ ಮಾತ್ರ ಕಲ್ಲಿನ ಮೇಲೆ ಮಿಂಚಿತು.

ಅವನು ಅಲ್ಲಿಂದ ನೇರ ಅಮೋಘಸಿದ್ದನ ಬಳಿ ಹೋದ.

“ಟಗರು ಇಲ್ಲಲ್ಲೋ ಮುತ್ಯಾ. ಯಾರಿಗೆ ಹಾಕಾಕತ್ತಾರ ಅದನ್ನ?”

“ಟಗರು ಹೋತು. ಹರಕಿ ಎಲ್ಲಿ ಹೋತು? ಹಿಡಿ ತಪ್ಪಿಸಿದ್ರ ಮಗ ಬರಂಗಿಲ್ಲಂತ ಆ ಮುದುಕಿ ಅಂಜ್ಯಾಳ.”

“ನೀನ ಕಟ್ಟೀದಿ. ನೀನ ಬಿಚ್ಚು.”

“ನನ್ನ ಕೈಯಾಗಿಲ್ಲ. ದೇವಿಂದ್ರಪ್ಪ ಹೊಸ್ತಲಾ ತುಳದ್ರ ತಾನ ಮುಗೀತದ.”

“ಅಂದ್ರ ಅವತ್ತು ನನ್ನ ಬಿಡತೈತಿ?”

ಮುದುಕನ ಕಣ್ಣು ಮಾಸ್ತರನ ಕೊರಳಿನ ಮೇಲೆ ನಿಂತಿದ್ದವು. ಕಡೆಗೆ ಅಂದ: “ಅವ ಬಂದ ದಿನ ಕೊಡಬೇಕಂತ ಮಾತ ಆಗ್ಯಾದ. ಏನ ಕಟ್ಟಿರತದೋ ಅದನ್ನ ಕೊಡಬೇಕು.”

ಮರುದಿನ ಮಧ್ಯಾಹ್ನದ ಉರಿಬಿಸಿಲಲ್ಲಿ, ಯಾದಗಿರಿ ಸ್ಟೇಷನ್ನಿಗೆ ಹೊರಟಿದ್ದ ಬಾಷುಮಿಯಾನ ಹತ್ತಿಯ ಗಾಡಿಯನ್ನು ಮಾಸ್ತರ ಟ್ರಂಕಿನ ಸಮೇತ ಹತ್ತಿ ಕೂತ. ಊರ ಹಳ್ಳದ ತನಕ ಎಲ್ಲ ಸರಿಯಿತ್ತು. ಗಾಡಿಯ ಗಾಲಿ ನೀರಿಗಿಳಿಯುತ್ತಲೇ ಕೊರಳಿಗೆ ಏನೋ ಬಿಗಿಯಿತು. ಉಣ್ಣೆ. ಚುಚ್ಚುವ ಉಣ್ಣೆ. ಕೈ ಹಾಕಿದ. ಬರೀ ಕೊರಳು. ಎತ್ತುಗಳು ಮುಂದೆ ಜಗ್ಗಿದವು. ಕೊರಳು ಹಿಂದಕ್ಕೆ ಜಗ್ಗಿತು. ಕಣ್ಣು ಕತ್ತಲಿಟ್ಟವು. ಅವನು ಹಿಂದಿನಿಂದ ಉರುಳಿ ನೀರಿಗೆ ಬಿದ್ದ. ಬಿದ್ದಲ್ಲೇ ಕಾರಿದ. ಮೂರು ದಿನದಿಂದ ಏನೂ ತಿನ್ನದ ಹೊಟ್ಟೆಯಿಂದ ಇಡೀ ಜೋಳ ಬಂತು. ಹಸಿ ಜೋಳ. ಕುಂಕುಮ ಹತ್ತಿದ ಜೋಳ.

ಬಾಷುಮಿಯಾ ನೊಗ ಹಿಡಿದು ನಿಂತವನು “ಯಾ ಅಲ್ಲಾ” ಎಂದನಷ್ಟೇ. ಮಾಸ್ತರನನ್ನು ಗಾಡಿಗೆ ಏರಿಸಿ, ತಿರುಗಿಸಿ ಶಾಲೆಯ ತನಕ ತಂದುಬಿಟ್ಟ.

ಆಮೇಲೆ ಮಾಸ್ತರ ಓಡುವುದನ್ನು ಬಿಟ್ಟ. ಅಂಜಿಕೆಯೂ ಬಿಟ್ಟುಹೋಯಿತು. ಮೈ ಬೆಳೆದಷ್ಟೂ ಒಳಗಿನದೆಲ್ಲ ದೂರವಾಯಿತು. ಅವನು ಕುರ್ಚಿಯಲ್ಲಿ ಕೂತೇ ಡ್ರಿಲ್ ಮಾಡಿಸಿದ. ಮಕ್ಕಳು ನಕ್ಕರೂ ಅದು ಯಾರದೋ ಅಂಗಳದ ಸದ್ದಿನ ಹಾಗೆ ಕೇಳುತ್ತಿತ್ತು. ಸಂಜೆಯಾದರೆ ದವಡೆ ಆಡುತ್ತಿತ್ತು. ಆಡಲು ಬಿಟ್ಟ. ಎಲ್ಲ ಸತ್ತ ಅವನೊಳಗೆ ಒಂದೇ ಒಂದು ಕಿಡಿ ಉಳಿದಿತ್ತು: ದೇವಿಂದ್ರಪ್ಪ ಬಾರದಿರಲಿ. ಬಾರದಿದ್ದರೆ ಬದುಕಿರುತ್ತೇನೆ.

ಸುಗ್ಗಿ ಮುಗಿದ ಮೇಲೆ ಒಂದು ಮುಂಜಾನೆ ಬಾಷುಮಿಯಾ ಶಾಲೆಗೆ ಬಂದ. ಚಪ್ಪಲಿ ಹೊರಗೆ ಬಿಟ್ಟು, ಆಚೀಚೆ ನೋಡಿ, ಮಾಸ್ತರನ ಕುರ್ಚಿಯ ಹತ್ತಿರ ಕುಕ್ಕರುಗಾಲಲ್ಲಿ ಕೂತ.

“ಸಾಹೇಬ್ರ, ಒಂದ ಮಾತ ಅದ. ಭೀಮವ್ವನ ಮುಂದ ಹೇಳಬ್ಯಾಡ್ರಿ. ದೇವಿಂದ್ರಪ್ಪ ಜಿಂದಾ ಅದಾನ.”

ಮಾಸ್ತರನ ಬೆರಳು ಕುರ್ಚಿಯ ತೋಳಿಗೆ ಕಚ್ಚಿಕೊಂಡವು.

“ಯಾದಗಿರಿ ಸ್ಟೇಷನ್ನಿನ್ಯಾಗ ಹತ್ತಿ ಅಂಡಗಿ ಹೊರಾಕತ್ತಾನ. ಹೆಸರ ಬದಲ ಮಾಡ್ಕೊಂಡಾನ. ‘ಸರಕಾರ ಬದಲ ಆದ್ರ ಏನಾತು, ನನ್ನ ವಾರಂಟ ಅದನೋ ಇಲ್ಲೋ’ ಅಂತ ಅಂಜಾಕತ್ತಾನ. ತೆಲಂಗಾಣದ ಕಡಿ ಕಮ್ಯುನಿಸ್ಟ ಹುಡುಗರನ್ನ ಇನ್ನಾ ಹಿಡದು ಒಳಗ ಹಾಕಾಕತ್ತಾರಲ್ಲ, ಅದನ್ನ ನೋಡಿ ಬೆದರ್ಯಾನ. ‘ಊರಾಗ ಓದಿದವ್ರು ಯಾರರ ಇದ್ರ ಕೇಳ್ಕೊಂಡ ಬಾ, ಕಾಕಾ. ವಾರಂಟ ಇಲ್ಲಂದ್ರ ನಾಳೆನ ಬರ್ತೀನಿ’ ಅಂದಾನ. ನಿಮಗ ಮಾಲೂಮ ಇರತದ. ಹೇಳ್ರಿ. ಅದ ಏನು?”

ಇರಲಿಲ್ಲ. ಹಳೆಯ ವಾರಂಟುಗಳೆಲ್ಲ ರದ್ದಾಗಿದ್ದವು. ಶಹಾಪುರದ ಕಚೇರಿಯ ಗೋಡೆಗೆ ಹಚ್ಚಿದ್ದ ಕಾಗದದಲ್ಲಿ ಮಾಸ್ತರ ತಾನೇ ಓದಿದ್ದ.

ಕಿಟಕಿಯಲ್ಲಿ, ಓಣಿಯಾಚೆ ತನ್ನ ಮನೆಯ ಮುಂದೆ ಭೀಮವ್ವ ಬಾಗಿ ಕೂತು ದೋಣಿಯನ್ನು ತೊಳೆಯುತ್ತಿದ್ದುದು ಕಾಣುತ್ತಿತ್ತು. ಮೊದಲ ಹಿಡಿ ತೆಗೆದಿಟ್ಟರೆ ಎರಡನೆಯ ಹಿಡಿ ಇರುತ್ತಿದ್ದ ಮನೆಯಲ್ಲ ಅವಳದು. ಬೆನ್ನಿನ ಎಲುಬು ಕುಪ್ಪಸದ ಹೊರಗೆ ಕಾಣುತ್ತಿದ್ದವು. ಮಾಸ್ತರ ನೋಡಿದ. ಏನಾದರೂ ಅನ್ನಿಸೀತೆಂದು ಕಾದ. ಏನೂ ಅನ್ನಿಸಲಿಲ್ಲ. ಕೊರಳು ಮಾತ್ರ ತುರಿಸಿತು.

“ಐತಿ,” ಅಂದ.

“ಖರೇನ?”

“ವಾರಂಟ ಐತಿ. ಬಂದ್ರ ಹಿಡೀತಾರ. ಯಾದಗಿರಿನೂ ಬ್ಯಾಡ, ದೂರ ಹೋಗಂತ ಹೇಳು. ಅವರವ್ವಗ ಹೇಳಬ್ಯಾಡ. ಆಕಿ ಬಾಯಿಂದ ಮಾತ ಹೊರಗ ಬಿದ್ರ ಅವನ ಗತಿ ಮುಗೀತು.”

ಬಾಷುಮಿಯಾ ಹಣೆ ಬಡಿದುಕೊಂಡು ಎದ್ದ. ಮುಂದಿನ ಸಲ ಬಂದಾಗ, ಹುಡುಗ ಸೋಲಾಪುರದ ಗಿರಣಿಗೆ ಹೋದನೆಂದು ಹೇಳಿದ. ಆಮೇಲಿನ ಸಲ, ಅಲ್ಲಿಯೂ ಇಲ್ಲವಂತೆ, ಮುಂಬೈಯೋ ಎಲ್ಲಿಯೋ ಅಂದ. ಆ ಮೇಲೆ ಅವನೂ ಆ ಮಾತೆತ್ತಲಿಲ್ಲ.

ಹೀಗೆ ಮಾಸ್ತರ ಉಳಿದ. ಕುರ್ಚಿ ಹಿಡಿಸದಾಯಿತು. ನೆಲಕ್ಕೆ ಕೂತ. ಬಾಗಿಲು ಹಿಡಿಸದಾಯಿತು. ಶಾಲೆಗೆ ಬೇರೆ ಮಾಸ್ತರ ಬಂದ. ಇವನು ಭೀಮವ್ವನ ಮನೆಗೆ ಹೊಂದಿದ ಹಾಳು ದನದ ಕೊಟ್ಟಿಗೆಯಲ್ಲಿ ಬಿದ್ದುಕೊಂಡ. ಕರುಣೆಯಿಂದ ಜಾಗ ಕೊಟ್ಟವಳೂ ಅವಳೇ. ಹುಬ್ಬಳ್ಳಿಯಿಂದ ಯಾರೂ ಬರಲಿಲ್ಲ. ಬಂದರೂ ಗುರುತು ಹಿಡಿಯುತ್ತಿರಲಿಲ್ಲ.

ಒಂದು ಸಂಜೆ ಭೀಮವ್ವ ಕೊಟ್ಟಿಗೆಯ ಬಾಗಿಲಿಗೆ ಬಂದು ನಿಂತಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಗೆಲುವಿತ್ತು.

“ಮಾಸ್ತರ, ನನಗೀಗ ತಿಳೀತ್ರಿ. ದೇವಿಗಿ ಸಾಲವಲ್ದು. ಅದಕ್ಕ ನನ್ನ ಮಗನ ಹಾದಿ ತಡದಾಳ. ಇವತ್ತ ಮನಿಮನಿಗಿ ಹೋಗಿ ಕೈಮುಗದು ಬಂದೀನಿ. ಇನ್ನ ಮ್ಯಾಲ ಒಂದ ಹಿಡಿ ಅಲ್ರಿ, ಎರಡ ಹಿಡಿ. ಸುತ್ತಿನ ಹಳ್ಳ್ಯಾವ್ರು ಸೈತ ಹೂಂ ಅಂದಾರ.”

ಅವನು ಬಾಯಿ ತೆರೆದ. ನಿನ್ನ ಮಗ ಬದುಕಿದ್ದಾನೆ, ಅವನನ್ನು ಓಡಿಸಿದವನು ನಾನು ಎನ್ನಲು ಬಾಯಿ ತೆರೆದ. ದವಡೆ ಅಡ್ಡಕ್ಕೆ ಸರಿಯಿತು. ಓಣಿಯ ತುದಿಯಲ್ಲಿ ಬಳೆಗಳು. ಒಂದು ಕೈಯ ಬಳೆಗಳಲ್ಲ. ಎರಡೂ ಕೈಯವು. ಈ ಓಣಿ. ಆ ಓಣಿ. ಹಳ್ಳದಾಚೆಯ ದಾರಿ. ಗಂಟಲು ಮಾತನ್ನು ಬಿಡಲಿಲ್ಲ. ಮೊದಲ ಕಾಳು ಬಿತ್ತು. ಗುಳಕ್.

“ಛಲೋ ಮೈ ಹಿಡದೀ ನೋಡಪ್ಪಾ,” ಎಂದು ಭೀಮವ್ವ ಹತ್ತಿರ ಬಂದಳು. ಯಾಕೆಂದು ಅವಳಿಗೂ ತಿಳಿಯದೆ ಕೈ ಚಾಚಿ ಅವನ ಹಣೆಯನ್ನು, ಎರಡು ಹುಬ್ಬಿನ ನಡುವೆ, ಉಗುರಿನಿಂದ ಮೆಲ್ಲಗೆ ಕೆರೆದಳು.

ಅವನು ತಲೆ ತಗ್ಗಿಸಿ ಕೊಟ್ಟ.